ರಿವರ್‌ಡೇಲ್‌ನ ಕ್ರಿಸ್‌ಮಸ್‌ನಲ್ಲಿ ಯೇಸುವಿಗೂ ಜಾಗ ಇರಲಿ

ರಿವರ್‌ಡೇಲ್ ಎಂಬ ಊರಿನ ಹದಿಹರೆಯದವರ ತಮಾಷೆಯ ಅಮೆರಿಕನ್ ಕಥೆಗಳಾದ ಆರ್ಚಿ ಕಾಮಿಕ್ಸ್‌ನಲ್ಲಿ ಯೇಸುವಿನ ಹೆಸರು ಬಂದರೆ ಮುಖ ಸಿಂಡರಿಸುವವರು ನನ್ನ ಸ್ನೇಹಿತರಲ್ಲೇ ಬಹಳ ಜನ ಇದ್ದಾರೆ. 'ನಗೋಕೆ ಅಂತ ತಗೊಂಡ ಪುಸ್ತಕ, ಅದರಲ್ಲಿ ದೇವರ ಮಾತು ಯಾಕೆ?' ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಾನು ಕ್ರೈಸ್ತನಲ್ಲ. ಆದರೂ ಹೇಳುತ್ತೇನೆ, ಕ್ರಿಸ್‌ಮಸ್ ಕಥೆಯಲ್ಲಿ ಯೇಸು ಬಂದರೆ ಏನೂ ತಪ್ಪಿಲ್ಲ. ಯೇಸುವಿನ ಮಾತು ಬಂದ ಕೂಡಲೇ, ಸದಾ ತಿನ್ನುವ ಚಿಂತೆಯಲ್ಲೇ ಇರುವ ಆರ್ಚಿಯ ಗೆಳೆಯ ಜಗ್‌ಹೆಡ್‌ಗೆ ಹಸಿವೇ ಮರೆತುಹೋದರೆ, ಅದು ತಪ್ಪು.

ಬೆಂಗಳೂರಿನಲ್ಲಿ ಬೆಳೆದ ನಮ್ಮಂಥವರಿಗೆ ಆರ್ಚಿ ಸಿಕ್ಕಿದ್ದು ಡೈಜೆಸ್ಟ್‌ಗಳಲ್ಲಿ. ಬಾಡಿಗೆ ಲೈಬ್ರರಿಯಿಂದ ತಂದ, ಪುಟದ ಮೂಲೆ ಮಡಚಿದ ಪುಟ್ಟ ಪುಸ್ತಕಗಳು. 60ರ ದಶಕದ ಕಥೆಯ ಪಕ್ಕದಲ್ಲೇ 80ರ ದಶಕದ್ದು ಇರುತ್ತಿತ್ತು. ಕ್ರಿಸ್‌ಮಸ್ ಕಥೆಗಳಂತೂ ರಾಶಿ ರಾಶಿ. ಆರ್ಚಿ ಪ್ರಕಟಿಸುವ ಕಂಪನಿ 1954ರಲ್ಲೇ ಕ್ರಿಸ್‌ಮಸ್‌ಗೆಂದೇ ಬೇರೆ ಸಂಚಿಕೆ ತರಲು ಶುರು ಮಾಡಿತ್ತು. ಆರ್ಚಿ ಇದ್ದಬದ್ದ ದುಡ್ಡನ್ನೆಲ್ಲ ಶ್ರೀಮಂತರ ಮಗಳು ವೆರೋನಿಕಾಳ ಉಡುಗೊರೆಗೆ ಸುರಿಯುತ್ತಾನೆ. ಅವನನ್ನು ಇಷ್ಟಪಡುವ ಬೆಟ್ಟಿ ಅವನಿಗೆ ಕೈಯಾರೆ ಸ್ವೆಟರ್ ಹೆಣೆಯುತ್ತಾಳೆ. ಸಾಂಟಾನ ಪುಟಾಣಿ ಸಹಾಯಕ ಜಿಂಗಲ್ಸ್ ಬರುತ್ತಾನೆ, ಅವನು ದೊಡ್ಡವರ ಕಣ್ಣಿಗೆ ಕಾಣಿಸುವುದಿಲ್ಲ. ಹಿಮ, ಮರ, ದೀಪ, ಉಡುಗೊರೆ ಎಲ್ಲ ಇರುತ್ತಿತ್ತು. ಅದು ಯಾರು ಹುಟ್ಟಿದ ದಿನ ಅನ್ನೋದು ಮಾತ್ರ ಹೆಚ್ಚಿನ ಕಥೆಗಳಲ್ಲಿ ಇರುತ್ತಿರಲಿಲ್ಲ. ಚಿಕ್ಕವನಿದ್ದಾಗ ನಾನು ಕ್ರಿಸ್‌ಮಸ್ ಅಂದರೆ ಸಾಂಟಾನ ಹಬ್ಬ ಅಂದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಈ ಮೌನವನ್ನು ಮುರಿದವರು ಆರ್ಚಿಯ ಚಿತ್ರಕಾರರಲ್ಲೊಬ್ಬರಾದ ಆಲ್ ಹಾರ್ಟ್‌ಲಿ. ಅದಕ್ಕೂ ಮೊದಲು ಬಹಳ ವರ್ಷ ಪ್ಯಾಟ್ಸಿ ವಾಕರ್ ಎಂಬ ಇನ್ನೊಂದು ಹದಿಹರೆಯದ ಕಾಮಿಕ್ಸ್‌ಗೆ ಚಿತ್ರ ಬರೆದವರು. 1967ರಲ್ಲಿ ಅವರು ಗಾಢವಾದ ಕ್ರೈಸ್ತ ನಂಬಿಕೆಗೆ ಬಂದರು. ಆಮೇಲೆ ಆರ್ಚಿ ಕಥೆಗಳಲ್ಲೇ ಅಲ್ಲಲ್ಲಿ ಆ ನಂಬಿಕೆಯನ್ನು ಸೇರಿಸತೊಡಗಿದರು. ಪ್ರಕಾಶಕ ಜಾನ್ ಗೋಲ್ಡ್‌ವಾಟರ್ ಯಹೂದಿ. ಸ್ವಲ್ಪ ಕಡಿಮೆ ಮಾಡು ಅಂತ ಹಾರ್ಟ್‌ಲಿಗೆ ಹೇಳಿದರು. ಆದರೆ 70ರ ದಶಕದಲ್ಲಿ ಸ್ಪೈರ್ ಎಂಬ ಕ್ರೈಸ್ತ ಕಾಮಿಕ್ಸ್ ಮಾಲೆಗೆ ಆರ್ಚಿಯ ಬಳಗವನ್ನು ಬಳಸಿಕೊಳ್ಳುತ್ತೇವೆ ಎಂದು ಹಾರ್ಟ್‌ಲಿ ಕೇಳಿದಾಗ ಅದೇ ಗೋಲ್ಡ್‌ವಾಟರ್ ಒಪ್ಪಿಕೊಂಡರು. ನನಗೆ ಇದು ತುಂಬ ದೊಡ್ಡ ಮನಸ್ಸು ಅನ್ನಿಸುತ್ತದೆ. ತನ್ನದಲ್ಲದ ಧರ್ಮದ ಕಥೆಗೆ ತನ್ನ ಪಾತ್ರಗಳನ್ನು ಕೊಡುವುದು ಸುಮ್ನೆ ಮಾತಲ್ಲ. ಕ್ರಿಸ್‌ಮಸ್‌ಗೇ ಮೀಸಲಾದ ಒಂದು ಸಂಚಿಕೆಯೂ ಆ ಮಾಲೆಯಲ್ಲಿ ಬಂತು.

ಹಾರ್ಟ್‌ಲಿಯವರ ಒಂದು ಆಯ್ಕೆ ಸರಿಯಾಗಿತ್ತು. ನಂಬಿಕೆಯ ಮಾತನ್ನು ಅವರು ಹೆಚ್ಚಾಗಿ ಬೆಟ್ಟಿಯ ಬಾಯಲ್ಲಿ ಇಟ್ಟರು. ಬೆಟ್ಟಿಗೆ ಅದು ಒಪ್ಪುತ್ತದೆ. ಆರ್ಚಿ ತನ್ನ ಕಡೆ ತಿರುಗಿಯೂ ನೋಡಲಿಕ್ಕಿಲ್ಲ ಅಂತ ಗೊತ್ತಿದ್ದೂ ಅವನಿಗೆ ಸ್ವೆಟರ್ ಹೆಣೆಯುವ ಹುಡುಗಿ ಅವಳು. ಅಂಥವಳು ರಾತ್ರಿ ಮಲಗುವ ಮುಂಚೆ ಪ್ರಾರ್ಥನೆ ಮಾಡುತ್ತಾಳೆ ಅಂದರೆ ನಾನು ಥಟ್ಟನೆ ನಂಬುತ್ತೇನೆ. ಆದರೆ ಸ್ಪೈರ್ ಕಥೆಗಳ ಬೆಟ್ಟಿ ಸೋಲುವುದೇ ಇಲ್ಲ. ಅವಳ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ. ಉಳಿದವರು ಸುತ್ತ ನಿಂತು ಕೇಳುತ್ತಾರೆ. ಅಸೂಯೆ ಇಲ್ಲದ, ಅಳು ನುಂಗದ, ವೆರೋನಿಕಾಳ ಮೇಲೆ ಒಮ್ಮೆಯೂ ಸಿಟ್ಟಾಗದ ಬೆಟ್ಟಿ ನಮ್ಮ ಬೆಟ್ಟಿ ಅಲ್ಲ, ಅಲ್ವಾ? ಧರ್ಮ ಬಂದಿದ್ದರಿಂದ ನಗು ಹೋಯಿತು ಅನ್ನುವವರು ಇದನ್ನು ಗಮನಿಸಬೇಕು. ಅವಳ ಕುಂದುಕೊರತೆಗಳನ್ನೆಲ್ಲ ತೆಗೆದುಹಾಕಿದ್ದರಿಂದಲೇ ನಗು ಹೋಯಿತು.

ಬೇರೆ ರೀತಿಯಲ್ಲಿ ಮಾಡಬಹುದು ಅನ್ನುವುದಕ್ಕೆ 'ಪೀನಟ್ಸ್' ಕಾಮಿಕ್ಸ್ ಬರೆದ ಚಾರ್ಲ್ಸ್ ಷುಲ್ಜ್ ಇದ್ದಾರೆ. ಅವರ ಕಥೆಯ ಮಕ್ಕಳು ಆರ್ಚಿ ಬಳಗಕ್ಕಿಂತ ಚಿಕ್ಕವರು, ಆದರೂ ಹಾಸ್ಯದ ಕಟ್ಟುಪಾಡು ಒಂದೇ. ಆ ಮಕ್ಕಳಲ್ಲೊಬ್ಬನಾದ ಚಾರ್ಲಿ ಬ್ರೌನ್‌ನ 1965ರ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮದಲ್ಲಿ ಬೈಬಲ್ ಓದಿಸುವುದು ಬೇಡ ಅಂತ ಜೊತೆಗಿದ್ದವರೇ ಅಳುಕಿದರು. ಷುಲ್ಜ್ ಬಿಡಲಿಲ್ಲ. ಲೈನಸ್ ಎಂಬ ಹುಡುಗ ವೇದಿಕೆಯ ಮೇಲೆ ಒಬ್ಬನೇ ನಿಂತು ಲೂಕನ ಸುವಾರ್ತೆಯ 2ನೇ ಅಧ್ಯಾಯದಿಂದ ಹೇಳುತ್ತಾನೆ. ಅವನು ಯಾವಾಗಲೂ ಒಂದು ಹೊದಿಕೆ ಹಿಡಿದುಕೊಂಡೇ ಇರುವವನು. 'ಹೆದರಬೇಡಿರಿ' ಎಂದು ದೇವದೂತ ಹೇಳುವ ಮಾತು ಬಂದಾಗ ಅವನ ಕೈಯಿಂದ ಆ ಹೊದಿಕೆ ಜಾರುತ್ತದೆ. ಇದನ್ನು ಎಲ್ಲರೂ ನೆನಪಿಸಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಆಗುವುದು ಆಮೇಲಿನ ಕ್ಷಣ. ಹೇಳಿ ಮುಗಿಸಿದ ಮೇಲೆ ಅವನು ಬಗ್ಗಿ ಹೊದಿಕೆಯನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಅಂಜುಬುರುಕ ಹುಡುಗ ಅಂಜುಬುರುಕನಾಗಿಯೇ ಉಳಿಯುತ್ತಾನೆ. ಯಾರೂ ಅವನನ್ನು ರಿಪೇರಿ ಮಾಡಲಿಲ್ಲ.

ಹಾಗಾಗಿ ಸಾಂಟಾ ಮಾತ್ರ ಇದ್ದರೆ ಎಲ್ಲರಿಗೂ ಸಲ್ಲುತ್ತದೆ, ಯೇಸು ಬಂದರೆ ಉಳಿದವರು ಹೊರಗುಳಿಯುತ್ತಾರೆ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಪಕ್ಕದ ಮನೆಯವರು ಯೇಸು ಹುಟ್ಟಿದ ದೃಶ್ಯದ ಗೋದಲಿ ಕಟ್ಟಿ ಕರೆದರೆ ನಾವು ಹೋಗಿ ನೋಡಿ ಬರುತ್ತೇವೆ. ಅದರಿಂದ ನಮ್ಮದು ಏನೂ ಕಳೆದುಹೋಗುವುದಿಲ್ಲ. ಹಬ್ಬ ಯಾಕೆ ಅಂತಲೇ ಹೇಳದೆ ಬರೀ ಉಡುಗೊರೆ ತೋರಿಸಿದರೆ ಉಳಿಯುವುದು ಅಂಗಡಿ ಮಾತ್ರ.

ರಿವರ್‌ಡೇಲ್‌ನಲ್ಲಿ ಈಗ ರಾಜ್ ಪಟೇಲ್ ಕೂಡ ಇದ್ದಾನೆ, ಸಿನಿಮಾ ಮಾಡುವ ಹುಚ್ಚಿರುವ ಹುಡುಗ. ಬೆಟ್ಟಿ ಕ್ರಿಸ್‌ಮಸ್ ರಾತ್ರಿ ಚರ್ಚಿಗೆ ಹೋಗಲಿ, ಅಲ್ಲೂ ವೆರೋನಿಕಾಳ ಕೋಟು ನೋಡಿ ಹೊಟ್ಟೆ ಉರಿದುಕೊಳ್ಳಲಿ. ರಾಜ್ ಮನೆಯಲ್ಲಿ ದೀಪಾವಳಿ ಪೂಜೆ ನಡೆಯಲಿ, ಅವನು ಅದನ್ನು ಶೂಟ್ ಮಾಡುತ್ತಾ ಅಪ್ಪನ ಹತ್ತಿರ ಬೈಸಿಕೊಳ್ಳಲಿ. ನೈವೇದ್ಯ ಆಗುವ ಮೊದಲೇ ಲಾಡು ಖಾಲಿಯಾಗಿದ್ದರೆ ಯಾರ ಕೆಲಸ ಅಂತ ಓದುಗರಿಗೆ ಹೇಳಬೇಕಾಗಿಯೂ ಇಲ್ಲ.