ಸ್ವಲ್ಪ ಜರುಗ್ತೀರಾ, ನದಿ ದಾಟಬೇಕು

ಆ ವಿಡಿಯೋ ನೀವೂ ನೋಡಿರುತ್ತೀರಿ. 2025ರ ಜುಲೈನಲ್ಲಿ ಎಲ್ಲರ ಫೋನಿಗೂ ಬಂದಿತ್ತಲ್ಲ, ತಾಂಜಾನಿಯಾದ ಸೆರೆಂಗೆಟಿಯದು. ಮಾರಾ ನದಿಯ ದಡದ ತುಂಬ ಜೀಪು. ಜೀಪಿನಿಂದ ಇಳಿದ ಜನ ಜಾತ್ರೆಯಲ್ಲಿ ತೇರಿನ ಮುಂದೆ ನಿಲ್ಲುವ ಹಾಗೆ ದಡದ ತುದಿಗೇ ಬಂದು ನಿಂತಿದ್ದಾರೆ, ಕೈಯಲ್ಲಿ ಫೋನು. ಹುಲ್ಲು ಹುಡುಕಿಕೊಂಡು ಹಿಂಡುಹಿಂಡಾಗಿ ನದಿ ದಾಟುವ, ದನದಂಥ ಮೈಯ ವೈಲ್ಡ್‌ಬೀಸ್ಟ್‌ಗಳಿಗೆ ದಾರಿ ಸಿಗುತ್ತಿಲ್ಲ. ನೀರಿನಲ್ಲಿ ಮೊಸಳೆ, ದಡದಲ್ಲಿ ನಾವು.

ಎಲ್ಲರೂ ಬೈದರು. ನಾನೂ ಬೈದೆ. "ಇಂಥವರಿಗೆ ವೀಸಾನೇ ಕೊಡಬಾರದು" ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಬರೆದೆ. ಬೈದು ಮೂರು ವಾರಕ್ಕೆ ಅದೇ ನದಿಯ ಕೀನ್ಯಾ ಕಡೆಯ ದಡದಲ್ಲಿ, ಅಂಥದ್ದೇ ಜೀಪುಗಳ ಸಾಲಿನಲ್ಲಿ ಕುಟುಂಬ ಸಮೇತ ಕೂತಿದ್ದೆ. ಟಿಕೆಟ್ ಮೊದಲೇ ಬುಕ್ ಆಗಿತ್ತು, ಏನು ಮಾಡೋಕಾಗುತ್ತೆ?

ಅಂದ ಹಾಗೆ, ಕೀನ್ಯಾಕ್ಕೆ ವೀಸಾ ಬೇಕಾಗಿಲ್ಲ. 2024ರ ಜನವರಿಯಿಂದ ಅದನ್ನು ತೆಗೆದೇ ಹಾಕಿದ್ದಾರೆ. ಈಗ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಫೋಟೋ ಕೊಟ್ಟು, 30 ಡಾಲರ್ ಕಟ್ಟಿ, ಅನುಮತಿ ಬರುವ ತನಕ ಕಾದರೆ ಸಾಕು. ನಮ್ಮ ಶಾಲೆಗಳಲ್ಲಿ ಡೊನೇಷನ್ ಹೋಗಿ ಡೆವಲಪ್‌ಮೆಂಟ್ ಫೀ ಬಂತಲ್ಲ, ಹಾಗೆ.

ಕೀನ್ಯಾ ಕಡೆಯ ಆ ಕಾಡು, ಮಸಾಯಿ ಮಾರಾದ ಒಳಗೆ ಹೋಗಲು ಜುಲೈಯಿಂದ ಡಿಸೆಂಬರ್ ತನಕ ನಮ್ಮಂಥ ಹೊರಗಿನವರಿಗೆ ತಲೆಗೆ ದಿನಕ್ಕೆ 200 ಡಾಲರ್. ಮಕ್ಕಳಿಗೆ 50. ನಾನು, ಹೆಂಡತಿ, ಅಮ್ಮ, ಭಾಮೈದ, ಎಂಟನೇ ಕ್ಲಾಸಿನ ಮಗ. ಒಟ್ಟು 850 ಡಾಲರ್, ಒಂದು ದಿನಕ್ಕೆ. ರೂಪಾಯಿಗೆ ತಿರುಗಿಸಲು ಹೊರಟೆ. "ರೀ, ಫೋನ್ ಒಳಗಿಡಿ, ಬಿಪಿ ಜಾಸ್ತಿ ಆಗುತ್ತೆ" ಅಂದಳು ಹೆಂಡತಿ.

ಇಷ್ಟು ದುಡ್ಡು ಕೊಟ್ಟ ಮೇಲೆ ಪ್ರಾಣಿಗಳು ಟೈಮಿಗೆ ಸರಿಯಾಗಿ ಬರಬೇಕೋ ಬೇಡವೋ? ಅವು ಬರಲಿಲ್ಲ. ಸಾವಿರಾರು ವೈಲ್ಡ್‌ಬೀಸ್ಟ್ ದಡದ ತನಕ ಬರುತ್ತವೆ. ನೀರು ನೋಡುತ್ತವೆ. ಧೂಳೆಬ್ಬಿಸುತ್ತವೆ. ಯಾವುದೋ ಒಂದಕ್ಕೆ ಏನೋ ಅನ್ನಿಸಿ ಹಿಂದಕ್ಕೆ ತಿರುಗುತ್ತದೆ, ಉಳಿದವೂ ತಿರುಗುತ್ತವೆ. ಮೂರು ಗಂಟೆ ಇದೇ ನಡೆಯಿತು. "ಇವಕ್ಕೆ ಡಿಸಿಷನ್ ಮೇಕಿಂಗೇ ಇಲ್ಲ ಭಾವ" ಅಂದ ಭಾಮೈದ. ಅವನು ಐಟಿ ಕಂಪನಿಯಲ್ಲಿ ಮ್ಯಾನೇಜರ್. ಒಂದು ಮೀಟಿಂಗಿನಲ್ಲಿ ತೀರ್ಮಾನ ಆಗಿದ್ದನ್ನು ನಾನಂತೂ ಅವನ ಬಾಯಲ್ಲಿ ಕೇಳಿಲ್ಲ.

ಅಮ್ಮನಿಗೆ ಬೇಜಾರು. ಅವಲಕ್ಕಿ ಡಬ್ಬಿ ತೆಗೆದಳು. ಸ್ಟೀಲ್ ಡಬ್ಬಿಯೇ. ಪ್ಲಾಸ್ಟಿಕ್ ಕವರು ಆ ದೇಶದಲ್ಲಿ 2017ರಿಂದ ನಿಷೇಧ ಅಂತ ಹೆದರಿಸಿ ಎಲ್ಲವನ್ನೂ ಡಬ್ಬಿಗೆ ಸುರಿಸಿದ್ದೆ. ಬೆಳಿಗ್ಗೆ ಅವಳಿಗೆ ಬಿಗ್ ಫೈವ್‌ನಲ್ಲಿ ಒಂದಾದ ಕಾಡೆಮ್ಮೆ ತೋರಿಸಿದ್ದೆವು. ಹಿಂದೆ ಕಾಲ್ನಡಿಗೆಯ ಬೇಟೆಗಾರರಿಗೆ ಹೊಡೆಯಲು ಅತಿ ಕಷ್ಟ ಅನ್ನಿಸಿದ ಐದು ಪ್ರಾಣಿಗಳ ಪಟ್ಟಿ ಅದು. ಈಗ ಹೊಡೆಯುವ ಜಾಗದಲ್ಲಿ ಟಿಕ್ ಹಾಕುತ್ತೇವೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ ಕೇಳಿದ್ದು ಒಂದೇ ಮಾತು: "ಕೋಣ ನೋಡೋಕೆ ಇಷ್ಟು ದೂರ ಬಂದ್ವೇನೋ?"

ಚೀತಾ ಕಥೆ ಇನ್ನೂ ಚಂದ. ರೇಡಿಯೋದಲ್ಲಿ "ದುಮಾ, ದುಮಾ" ಅಂತ ಕೂಗು. ಸ್ವಾಹಿಲಿಯಲ್ಲಿ ಚೀತಾಗೆ ದುಮಾ. ಒಂದು ಪ್ರಾಣಿಯ ಹತ್ತಿರ ಐದೇ ಗಾಡಿ ಇರಬೇಕು ಅಂತ ನಿಯಮ ಇದೆ. ನಮ್ಮದು ಇಪ್ಪತ್ಮೂರನೆಯದು, ಮಗ ಎಣಿಸಿದ. ಡ್ರೈವರ್ ದೂರದಲ್ಲೇ ನಿಲ್ಲಿಸಿದ್ದ, ಪಾಪ. ಹತ್ತಿರ ಹೋದರೆ ಟಿಪ್ಸ್ ಕೊಡ್ತೀವಿ ಅಂದವರು ನಾವು. ನಡುವೆ ತಾಯಿ ಚೀತಾ, ಎರಡು ಮರಿ. ಅದು ಬೇಟೆಗೆ ಎದ್ದರೆ ಜೀಪುಗಳೂ ಏಳುತ್ತವೆ. ಕೂತರೆ ಕೂರುತ್ತವೆ. ಎಂಥ ಶಿಸ್ತು! ಇದೇ ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿಗೆ ಸರಾಸರಿ 2.32 ಮರಿ ಬದುಕಿ ದೊಡ್ಡದಾಗುತ್ತವೆ. ಪ್ರವಾಸಿಗರು ತುಂಬಿರುವ ಕಡೆ 0.21. ಅಂದರೆ ಐದು ಸೂಲಿಗೆ ಒಂದು ಮರಿ. ಮಿಕ್ಕವು ಎಲ್ಲರ ಫೋನಿನಲ್ಲಿ ಕ್ಷೇಮವಾಗಿವೆ.

ನದಿಗೆ ವಾಪಸ್ ಬರೋಣ. ಅವು ಇನ್ನೂ ದಾಟಿಲ್ಲ, ನಮಗೂ ಕೆಲಸ ಇಲ್ಲ. ಒಂದು ಹಳೇ ಕಥೆ ಹೇಳುತ್ತೇನೆ.

ನಮ್ಮವರು ಆಫ್ರಿಕಾಕ್ಕೆ ಹೋಗಿ ಅಲ್ಲಿನ ಪ್ರಾಣಿಗಳನ್ನು ಗೋಳು ಹೊಯ್ದುಕೊಂಡಿದ್ದು ಇದೇ ಮೊದಲಲ್ಲ. 1887ರ ಹೊತ್ತಿಗೆ ಇಟಲಿಯ ಸೈನ್ಯಕ್ಕೆ ಅಂತ ಇಂಡಿಯಾದಿಂದ ದನಗಳನ್ನು ಹಡಗಿನಲ್ಲಿ ಎರಿಟ್ರಿಯಾಕ್ಕೆ ಸಾಗಿಸಿದರು. ಅವುಗಳ ಜೊತೆ ದೊಡ್ಡರೋಗವೂ ಹೋಯಿತು, ದನಗಳನ್ನು ಸಾಲುಸಾಲಾಗಿ ಕೊಲ್ಲುವ ರಿಂಡರ್‌ಪೆಸ್ಟ್. ಹತ್ತು ವರ್ಷದಲ್ಲಿ ಅದು ಖಂಡದ ದಕ್ಷಿಣದ ತುದಿ ಮುಟ್ಟಿತು. ಅಲ್ಲಿನ ದನಗಾಹಿಗಳಾದ ಮಸಾಯಿಗಳ ದನಗಳು ಹತ್ತಕ್ಕೆ ಎಂಟರಂತೆ, ಒಂಬತ್ತರಂತೆ ಸತ್ತವು. ದನವೇ ಬದುಕಾಗಿದ್ದ ಜನ ಹಸಿವಿನಿಂದ ಸತ್ತರು. ವೈಲ್ಡ್‌ಬೀಸ್ಟ್‌ಗಳೂ ಸತ್ತವು. ದೊಡ್ಡರೋಗ ಅಂದ ತಕ್ಷಣ ಅಮ್ಮ ಅವಲಕ್ಕಿ ಬಿಟ್ಟು ಈ ಕಡೆ ತಿರುಗಿದಳು. ತುರುವೇಕೆರೆ ಕಡೆಯ ಹಳ್ಳಿಯವಳು. ಚಿಕ್ಕವಳಿದ್ದಾಗ ಕೊಟ್ಟಿಗೆಯಲ್ಲಿದ್ದ ನಾಲ್ಕರಲ್ಲಿ ಮೂರು ಹೋಗಿದ್ದವಂತೆ. ಅವಳಪ್ಪ ಮಾರಮ್ಮನಿಗೂ ಹರಸಿಕೊಂಡಿದ್ದರು, ಸೂಜಿ ಹಾಕುವ ಡಾಕ್ಟರಿಗೂ ಕಾದಿದ್ದರು.

ಅಲ್ಲಿಯೂ ಸೂಜಿಯೇ ಉಳಿಸಿದ್ದು. ಸೆರೆಂಗೆಟಿಯ ಸುತ್ತಮುತ್ತಲಿನ ಊರದನಗಳಿಗೆ ಲಸಿಕೆ ಹಾಕಿದರು. ಊರದನದಲ್ಲಿ ರೋಗ ನಿಂತಿತು, ಕಾಡಿನಲ್ಲೂ ನಿಂತಿತು. 1960ರ ಸುಮಾರಿಗೆ ಎರಡೂವರೆ ಲಕ್ಷ ಇದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕ ಮುಗಿಯುವಷ್ಟರಲ್ಲಿ ಹದಿಮೂರು ಲಕ್ಷದ ಹತ್ತಿರ ಬಂದವು. 2011ರಲ್ಲಿ ಆ ರೋಗ ಲೋಕದಿಂದಲೇ ಹೋಯಿತು ಅಂತ ಸಾರಿದರು.

ಅಂದರೆ ಇವತ್ತು ನಾವು ಡಾಲರ್ ಕೊಟ್ಟು ನೋಡುವ ಈ ಹಿಂಡು ಮಸಾಯಿಗಳ ದನ ಸೂಜಿ ಚುಚ್ಚಿಸಿಕೊಂಡಿದ್ದರಿಂದ ಇಷ್ಟು ದೊಡ್ಡದಾಯಿತು. ಆ ದನ ಈಗ ಕಾಡಿನೊಳಗೆ ಮೇಯಲು ಕಾಲಿಟ್ಟರೆ ದಂಡ. ಗೊರಸು ತಾಗಿ ಹುಲ್ಲು ಹಾಳಾಗುತ್ತದೆ ನೋಡಿ. ಜೀಪಿನ ಟೈರು ಮೃದು.

ತಮಾಷೆ ಅಂತ ಶುರು ಮಾಡಿದೆ, ಇಲ್ಲಿಗೆ ಬರುವಾಗ ಸುಸ್ತಾಗುತ್ತದೆ. 1959ರಲ್ಲಿ ಸೆರೆಂಗೆಟಿ ಪಾರ್ಕಿನಿಂದ ಮಸಾಯಿಗಳನ್ನು ಹೊರಗೆ ಕಳಿಸಿದರು, ಪ್ರಾಣಿಗಳಿಗೆ ತೊಂದರೆ ಅಂತ. 2022ರ ಜೂನ್‌ನಲ್ಲಿ ಪಕ್ಕದ ಲೋಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಜಾಗಕ್ಕೆ ಪ್ರಾಣಿಗಳಿಗೆ ಮೀಸಲು ಅಂತ ಗಡಿಕಲ್ಲು ನೆಟ್ಟರು. ಬೇಡ ಅಂತ ಅಡ್ಡ ನಿಂತ ಜನರ ಮೇಲೆ ಗುಂಡು ಹಾರಿತು. ಕಾಲಿಗೆ ಗುಂಡೇಟು ಬಿದ್ದವರು ಗಡಿ ದಾಟಿ ಕೀನ್ಯಾಕ್ಕೆ ಓಡಿಬಂದರು. ಅದರ ವಿಡಿಯೋಗಳೂ ಇದ್ದವು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರಲಿಲ್ಲ. ಬಂದಿದ್ದರೂ ಯಾರು ನೋಡ್ತಿದ್ದರು? ಅದರಲ್ಲಿ ಮೊಸಳೆ ಇರಲಿಲ್ಲ.

ಸಂಜೆ ನಾಲ್ಕಕ್ಕೆ ಮೊದಲನೆಯದು ನೀರಿಗೆ ಹಾರಿತು. ಅಷ್ಟೂ ಜೀಪುಗಳ ಇಂಜಿನ್ ಒಟ್ಟಿಗೆ ಗುರ್ ಅಂದವು. ಎಲ್ಲವೂ ದಡಕ್ಕೆ ನುಗ್ಗಿದವು, ನಮ್ಮದೂ. ನನಗೆ ಕಂಡಿದ್ದು ಧೂಳು, ಮುಂದಿನ ಜೀಪಿನ ಸ್ಟೆಪ್ನಿ, ಆ ಜೀಪಿನ ಮೇಲೆ ಎದ್ದು ನಿಂತ ಯಾರದೋ ಬೆನ್ನು. ಭಾಮೈದನ ಹತ್ತಿರ ಆ ಬೆನ್ನಿನ ನಾನೂರು ಫೋಟೋ ಇವೆ. ಸ್ವಲ್ಪ ಹೊತ್ತಿಗೆ ಹಿಂಡು ಅರ್ಧಕ್ಕೇ ನಿಂತು ಬೇರೆ ಕಡೆ ತಿರುಗಿತು. "ಛೇ, ಮೋಸ" ಅಂದರು ಪಕ್ಕದ ಜೀಪಿನವರು, ಅಚ್ಚ ಕನ್ನಡದಲ್ಲಿ.

ಗೇಟು ದಾಟಿ ವಾಪಸ್ ಹೋಗುವಾಗ ರಸ್ತೆ ಬದಿಯಲ್ಲಿ ಇಬ್ಬರು ಹುಡುಗರು ದನ ಹೊಡೆದುಕೊಂಡು ಮನೆಗೆ ಹೋಗುತ್ತಿದ್ದರು. ಕೊರಳಲ್ಲಿ ಗಂಟೆ. ಸಿಂಹ ತೋರಿಸುವಾಗ ತೂಕಡಿಸುತ್ತಿದ್ದ ಅಮ್ಮ ತಟ್ಟನೆ ಎದ್ದು ಕೂತಳು.

"ನಿಲ್ಸೋಕೆ ಹೇಳೋ."

ಡ್ರೈವರ್ ನಿಲ್ಲಿಸಿದ. ಎಷ್ಟು ಹಾಲು ಕೊಡುತ್ತೆ ಕೇಳು ಅಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ, ಅವನು ಕಿಟಕಿಯಿಂದ ಹುಡುಗರನ್ನು ಕೇಳಿದ. ಕರು ಕುಡಿದು ಮಿಕ್ಕರೆ ಒಂದು ಲೀಟರ್. ಅಮ್ಮ "ಅಷ್ಟೇನಾ" ಅಂದಳು. ನಾನು ಹೇಳುವ ಮೊದಲೇ ಅವನಿಗೆ ಅರ್ಥವಾಗಿ ನಕ್ಕ. ಮೂರು ದಿನದಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ಹಿಂದಿನಿಂದ ಎರಡು ಜೀಪು ಧೂಳೆಬ್ಬಿಸಿಕೊಂಡು ಬಂದವು. ನಾವು ನಿಂತಿದ್ದು ನೋಡಿ ಗಕ್ಕನೆ ಬ್ರೇಕ್ ಹಾಕಿದರು. ಮೇಲಿನಿಂದ ನಾಲ್ಕೈದು ಕ್ಯಾಮೆರಾ ಹೊರಗೆ ಬಂದವು.

"ಏನಿದೆ? ಏನಿದೆ?"

"ಹಸು" ಅಂದೆ.

ಕ್ಯಾಮೆರಾ ಒಳಗೆ ಹೋದವು. ಹಾರ್ನ್ ಹೊಡೆದು, ದನಗಳನ್ನು ಪಕ್ಕಕ್ಕೆ ಸರಿಸಿಕೊಂಡು ಹೊರಟುಹೋದರು.