ಟೈಮ್‌ಔಟ್‌ನಲ್ಲಿ ಏಲಕ್ಕಿ

ಐಪಿಎಲ್ ಪಂದ್ಯದಲ್ಲಿ ಓವರಿನ ಆರನೇ ಚೆಂಡು ಕೀಪರ್ ಕೈ ಸೇರಿದ್ದನ್ನು ನೀವು ಯಾವಾಗಾದರೂ ನೆಮ್ಮದಿಯಾಗಿ ನೋಡಿದ್ದೀರಾ? ನಾನಂತೂ ನೋಡಿಲ್ಲ. ಚೆಂಡು ಬ್ಯಾಟಿಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಒಬ್ಬ ಹಿಂದಿ ನಟ ಹೆಲಿಕಾಪ್ಟರಿನಿಂದ ಇಳಿದಿರುತ್ತಾನೆ. ಕೈಯಲ್ಲಿ ಏಲಕ್ಕಿ.

ಹೌದು, ಏಲಕ್ಕಿ. ನಾವು ಪಾಯಸಕ್ಕೆ ಕುಟ್ಟಿ ಹಾಕುತ್ತೇವಲ್ಲ, ಅದೇ.

ಜಾಹೀರಾತು ಅಂದ ಕೂಡಲೇ ಉರಿದು ಬೀಳುವವನು ನಾನಲ್ಲ. 2009ರಲ್ಲಿ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತಲ್ಲ, ಆಗ ವೊಡಾಫೋನಿನ ಝೂಝೂಗಳು ಬಂದವು. ಮೊಟ್ಟೆಗೆ ಕೈಕಾಲು ಮೂಡಿದ ಹಾಗಿದ್ದವು. ಎಲ್ಲರೂ ಕಂಪ್ಯೂಟರಿನ ಚಮತ್ಕಾರ ಅಂದುಕೊಂಡೆವು. ಆಮೇಲೆ ನೋಡಿದರೆ ಬಿಳಿ ದಿರಿಸಿನೊಳಗೆ ಮನುಷ್ಯರೇ ಇದ್ದರು. ಮಾಡಿದ್ದು ನಮ್ಮ ಬೆಂಗಳೂರಿನ ಕಂಪನಿ. ನಮ್ಮ ಮನೆಯಲ್ಲಿ ಓವರ್ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದರು. 2021ರಲ್ಲಿ ರಾಹುಲ್ ದ್ರಾವಿಡ್ ಕಾರಿನಿಂದ ಎದ್ದು ನಿಂತು, ತಾನು ಇಂದಿರಾನಗರದ ಗೂಂಡಾ ಅಂತ ಕೂಗಿದ್ದಂತೂ ಇದ್ದೇ ಇದೆ. ಅದು ಯಾವುದರ ಜಾಹೀರಾತು ಅಂತ ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದ್ರಾವಿಡ್‌ಗೂ ತಲೆ ಕೆಡುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಈಗ ಏಲಕ್ಕಿಯ ಯುಗ. ಒಂದು ಪಂದ್ಯಕ್ಕೆ ಎರಡೂವರೆ ನಿಮಿಷದ ನಾಲ್ಕು ಟೈಮ್‌ಔಟ್. ‘ಸ್ಟ್ರಾಟೆಜಿಕ್’ ಅಂತ ಬೇರೆ ಹೆಸರು. ಮೈದಾನದಲ್ಲಿ ಕೋಚ್ ಬಂದು ಅದೇನು ತಂತ್ರ ಹೇಳಿಕೊಡುತ್ತಾರೋ ನಮಗೆ ಕಾಣುವುದಿಲ್ಲ. ಅಷ್ಟು ಹೊತ್ತು ನಾವು ಏಲಕ್ಕಿ ನೋಡುತ್ತಿರುತ್ತೇವೆ. ಅದೂ ಬೆಳ್ಳಿ ಲೇಪದ ಏಲಕ್ಕಿ. ಅದನ್ನು ತಿನ್ನಿ ಅಂತ ಹೇಳಲು ಸುನಿಲ್ ಗಾವಸ್ಕರ್, ಕಪಿಲ್ ದೇವ್, ವೀರೇಂದ್ರ ಸೆಹ್ವಾಗ್ ಮೂವರೂ ಬಂದರು. ಸಾಲದು ಅಂತ ಕ್ರಿಸ್ ಗೇಲ್ ಕೂಡ ಬಂದರು. ಸಕಲೇಶಪುರ, ಕೊಡಗಿನವರಿಗೆ ಏಲಕ್ಕಿಯ ರುಚಿ ತೋರಿಸಲು ಜಮೈಕಾದಿಂದ ಒಬ್ಬರು ಬರಬೇಕಾಯಿತು ನೋಡಿ.

ನಮ್ಮ ಹಾವೇರಿಯವರು ತಲೆಮಾರುಗಳಿಂದ ಏಲಕ್ಕಿ ಮಾಲೆ ಕಟ್ಟುತ್ತಿದ್ದಾರೆ. ಮಂತ್ರಿಗಳು ಬಂದರೆ ಮಾಲೆ, ಸಾಹಿತಿಗಳು ಬಂದರೆ ಮಾಲೆ. ಒಂದೊಂದೇ ಕಾಯಿ ಪೋಣಿಸಿ, ಕಣ್ಣು ನೋಯಿಸಿಕೊಂಡು ಮಾಡುವ ಕೆಲಸ. ಅವರನ್ನು ಯಾವ ಟೈಮ್‌ಔಟ್‌ನಲ್ಲೂ ತೋರಿಸಿದ್ದು ನಾನು ನೋಡಿಲ್ಲ. ಟೀವಿಯ ಏಲಕ್ಕಿಗೂ ಒಂದು ಮಾಲೆ ಇದೆ. ಬಸ್‌ಸ್ಟ್ಯಾಂಡ್ ಗೂಡಂಗಡಿಯ ಮುಂದೆ ಪಳಪಳ ಅಂತ ತೂಗಾಡುತ್ತಿರುತ್ತದೆ.

ಒಂದು ಸಲ ಹಟಕ್ಕೆ ಬಿದ್ದು ನಮ್ಮ ಬೀದಿಯ ಬೀಡಾ ಅಂಗಡಿಗೆ ಹೋಗಿ ಕೇಳಿದೆ. “ಟೀವಿಲಿ ಬರುತ್ತಲ್ಲಪ್ಪಾ, ಆ ಏಲಕ್ಕಿ ಕೊಡು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಏಲಕ್ಕಿ ಬೇಕಂದ್ರೆ ದಿನಸಿ ಅಂಗಡಿಗೆ ಹೋಗಿ ಸಾರ್. ಇಲ್ಲಿ ಇದೇ ಇರೋದು” ಅಂತ ಎರಡು ಪೊಟ್ಟಣ ಹರಿದು ಮುಂದಿಟ್ಟ. ಒಂದು ದೊಡ್ಡದು, ಒಂದು ಸಣ್ಣದು.

ಎರಡು ಯಾಕೆ ಅಂತ ನಿಮಗೆ ಗೊತ್ತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಗುಟ್ಕಾ ಇಲ್ಲ. ಅಡಿಕೆಯ ಪಾನ್ ಮಸಾಲಾ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಬೆರೆಸುವ ಕೆಲಸ ಗಿರಾಕಿಯದ್ದು. ಟೀವಿಯಲ್ಲಿ ತಂಬಾಕಿನ ಜಾಹೀರಾತು ಹಾಕುವಂತಿಲ್ಲ. ಅದಕ್ಕೇ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರ ಇಟ್ಟುಕೊಂಡು ಏಲಕ್ಕಿ. ಇನ್ನೊಂದು ಕಂಪನಿಯ ಜಾಹೀರಾತಿನಲ್ಲಿ ಕಣಕಣದಲ್ಲೂ ಕೇಸರಿ. ಕೇಸರಿ ಕೆಜಿಗೆ 4 ಲಕ್ಷ ರೂಪಾಯಿ, 5 ರೂಪಾಯಿ ಪೊಟ್ಟಣದಲ್ಲಿ ಅದು ಹೇಗಪ್ಪಾ ಬರುತ್ತದೆ ಅಂತ 2025ರಲ್ಲಿ ಜೈಪುರದಲ್ಲಿ ಒಬ್ಬರು ಗ್ರಾಹಕರ ಆಯೋಗಕ್ಕೆ ಹೋದರು. ನಟರಿಗೆಲ್ಲ ನೋಟಿಸ್ ಬಂತು. ಲೆಕ್ಕ ಬರುವವರು ದೇಶದಲ್ಲಿ ಇನ್ನೂ ಇದ್ದಾರೆ ಅಂತ ನನಗೆ ಖುಷಿಯಾಯಿತು.

ಹಿಂದೆ ಇಷ್ಟು ನಾಟಕ ಇರಲಿಲ್ಲ. 1996ರ ವಿಶ್ವಕಪ್ಪಿನ ಹೆಸರೇ ವಿಲ್ಸ್. ಸಿಗರೇಟಿನ ಹೆಸರು, ನೇರಾನೇರ. ಚಿನ್ನಸ್ವಾಮಿಯಲ್ಲಿ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೇಲ್‌ನ ಸ್ಟಂಪ್ ಕಿತ್ತಿದ್ದು ಆ ಸಿಗರೇಟು ಕಪ್ಪಿನಲ್ಲೇ. ನಮ್ಮವರ ಅಂಗಿ ಮೇಲೂ ಅದೇ ಹೆಸರು. ಅದೇ ಕಪ್ಪಿನಲ್ಲಿ ತೆಂಡೂಲ್ಕರ್ ಬ್ಯಾಟಿಗೆ ಸ್ಟಿಕ್ಕರ್ ಇರಲಿಲ್ಲ. ಸಿಗರೇಟು ಕಂಪನಿಗಳು ಕೇಳಿದ್ದವು, ಬೇಡ ಅಂದರು. ಅಪ್ಪನಿಗೆ ಮಾತು ಕೊಟ್ಟಿದ್ದರಂತೆ. ಗಾವಸ್ಕರ್, ಕಪಿಲ್‌ಗೆ ಹೊಟ್ಟೆಗಿಲ್ಲದೆ ಏನೂ ಇರಲಿಲ್ಲ ಅಲ್ವಾ?

ನಾನೂ ಸಾಚಾ ಅಲ್ಲ ಬಿಡಿ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಅಂತ ಕೂಗಿದ ಗಂಟಲು ಇದು. ನಮ್ಮ ಆರ್‌ಸಿಬಿ ತಂಡದ ಹೆಸರು ಎಲ್ಲಿಂದ ಬಂತು ಅಂತ ಎಂಎಸ್‌ಐಎಲ್ ಮದ್ಯದಂಗಡಿಯ ಕಪಾಟು ನೋಡಿದರೆ ತಿಳಿಯುತ್ತದೆ. ‘ರಾಯಲ್ ಚಾಲೆಂಜ್’ನ ಕೊನೆಗೊಂದು ‘ರ್ಸ್’ ಸೇರಿಸಿದರೆ ವಿಸ್ಕಿ ಹೋಗಿ ಕ್ರಿಕೆಟ್ ಆಗುತ್ತದೆ, ಅಷ್ಟೇ ವ್ಯಾಕರಣ. 2024ರಲ್ಲಿ ‘ಬ್ಯಾಂಗಳೂರ್’ ತೆಗೆದು ‘ಬೆಂಗಳೂರು’ ಮಾಡಿದಾಗ ಕನ್ನಡ ಗೆದ್ದಿತು ಅಂತ ನಾನೂ ಕುಣಿದೆ. ಬಾಟಲಿ ಇದ್ದಲ್ಲೇ ಇತ್ತು, ಲೇಬಲ್ಲಿನ ಕೊನೆಯ ಪದ ಕನ್ನಡವಾಯಿತು.

2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆಯಿತು. ತಂಬಾಕು, ಮದ್ಯದ ಜಾಹೀರಾತು ಬೇಡ, ಮಾರುವೇಷದ್ದೂ ಬೇಡ ಅಂತ. ಒಳ್ಳೆಯ ಪತ್ರ. ಸೀಸನ್ ಶುರುವಾಯಿತು. ಏಲಕ್ಕಿಯೂ ಬಂತು.

ಇಲ್ಲಿ ನನಗೆ ತಮಾಷೆ ಬರುವುದಿಲ್ಲ. ಆ ಪೊಟ್ಟಣ ಜಗಿದೂ ಜಗಿದೂ ಬಾಯಿ ಎರಡು ಬೆರಳಷ್ಟೂ ತೆರೆಯದ ಹುಡುಗರನ್ನು ನಾನು ನೋಡಿದ್ದೇನೆ. ತುತ್ತು ಒಳಗೆ ಹೋಗುವುದಿಲ್ಲ. ಮೂವತ್ತೂ ದಾಟಿಲ್ಲ. ಆಟೋ ಓಡಿಸುವವರು, ಲಾರಿ ಕ್ಲೀನರ್‌ಗಳು, ಗಾರೆ ಕೆಲಸದವರು. ಹೆಲಿಕಾಪ್ಟರಿನಿಂದ ಇಳಿದು ಇದನ್ನು ತಿನ್ನುವವನು ಒಬ್ಬನೂ ಇಲ್ಲ. ಇದು ಬೋರ್ಡಿಗೆ ಗೊತ್ತು, ಚಾನೆಲ್ಲಿಗೆ ಗೊತ್ತು, ನಟಿಸಿದವರಿಗೂ ಗೊತ್ತು. ಅಕ್ಷಯ್ ಕುಮಾರ್ 2022ರಲ್ಲಿ ಅಭಿಮಾನಿಗಳ ಕ್ಷಮೆ ಕೇಳಿ ಹಿಂದೆ ಸರಿದರು. ಉಳಿದವರಲ್ಲಿ ಬಹಳ ಮಂದಿಗೆ ಅಷ್ಟೂ ನಾಚಿಕೆ ಇಲ್ಲ.

ಇದನ್ನೆಲ್ಲ ಬರೆಯುತ್ತಿದ್ದೇನೆ ಅಂತ ತೀರ್ಥಹಳ್ಳಿಯ ನಮ್ಮ ಭಾವನಿಗೆ ಫೋನಿನಲ್ಲಿ ಹೇಳಿದೆ. ಅವರದ್ದು ನಾಲ್ಕು ಎಕರೆ ಅಡಿಕೆ ತೋಟ.

“ಅದನ್ನ ನಿಲ್ಸಿ ಅಂತ ಮಾತ್ರ ಬರೀಬೇಡ ಮಾರಾಯಾ” ಅಂದರು. “ಮೊದಲೇ ಕೊಳೆರೋಗ. ರೇಟೂ ಬಿದ್ರೆ ನಾವೆಲ್ಲಿಗೆ ಹೋಗೋದು?”

“ನೀವು ತಿಂತೀರಾ ಭಾವ, ಆ ಪೊಟ್ಟಣದ್ದು?”

“ಥೂ! ಅದನ್ನ ಯಾರು ಬಾಯಿಗೆ ಹಾಕ್ತಾರೆ?” ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಅವರ ಮನೆಯ ಟೀವಿಯಲ್ಲಿ ಟೈಮ್‌ಔಟ್ ನಡೆಯುತ್ತಿತ್ತು.