ಆ ಫಾರಂನಲ್ಲಿ ಇದ್ದದ್ದು ಯಾರ ನಂಬರ್?

ಹೋದ ವರ್ಷ ಚಿಕ್ಕಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಸ್ಕೀಮಿನಲ್ಲೇ ಆಯಿತು, ಜೀವ ಉಳಿಯಿತು. ಡಾಕ್ಟರ್ ಬಗ್ಗೆ ನನ್ನದು ಎರಡು ಮಾತಿಲ್ಲ. ಹೇಳಬೇಕಿರುವುದು ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರಿನಲ್ಲಿ ಕಂಡದ್ದು.

ಕೌಂಟರಿನ ಹುಡುಗ ನಾಲ್ಕು ಹಾಳೆ ಮುಂದೆ ತಳ್ಳಿ "ಸುಮ್ನೆ ಸ್ಕೀಮ್ ಪೇಪರು, ಸೈನ್ ಮಾಡಿ" ಅಂದ. ಚಿಕ್ಕಪ್ಪ ಕನ್ನಡಕ ಕೂಡ ಹಾಕಿಕೊಂಡಿರಲಿಲ್ಲ. ಒಂದು ಹಾಳೆ ಪೂರ್ತಿ ಖಾಲಿ. ಇನ್ನೊಂದರಲ್ಲಿ ಮೊಬೈಲ್ ನಂಬರ್ ಬರೆಯುವ ಜಾಗದಲ್ಲಿದ್ದ ನಂಬರ್ ಚಿಕ್ಕಪ್ಪನದ್ದಲ್ಲ, ಚಿಕ್ಕಮ್ಮನದ್ದಲ್ಲ, ನಮ್ಮ ಮನೆಯವರು ಯಾರದ್ದೂ ಅಲ್ಲ. ಕೇಳಿದರೆ "ಹಳ್ಳೀಲಿ ನೆಟ್‌ವರ್ಕ್ ಸಿಗಲ್ಲ ಅಲ್ವಾ ಸಾರ್, ಅದಕ್ಕೆ ನಮ್ದೇ ಹಾಕಿದೀವಿ" ಅಂದ. ಹಿಂದಿನ ದಿನ ಅದೇ ಕೌಂಟರಿನಲ್ಲಿ ಚಿಕ್ಕಮ್ಮನ ಹತ್ತಿರ 12,000 ರೂಪಾಯಿ ಕಟ್ಟಿಸಿಕೊಂಡಿದ್ದರು. ಸ್ಕೀಮಿಗೆ ಬರದ ಖರ್ಚಂತೆ. ರಸೀದಿ ಅಂತ ಕೊಟ್ಟದ್ದು ಒಂದು ಬಿಳಿ ಚೀಟಿ, ಮೇಲೆ ಪೆನ್ನಲ್ಲಿ ಬರೆದ ಅಂಕಿ. ಸೀಲಿಲ್ಲ, ಹೆಸರಿಲ್ಲ. ಆ ದುಡ್ಡನ್ನು ಚಿಕ್ಕಮ್ಮ ಸಂಘದಲ್ಲಿ ಸಾಲ ತಂದಿದ್ದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪಟ್ಟಿಯಲ್ಲಿರುವ ಚಿಕಿತ್ಸೆ ಕೈಯಿಂದ ಪೈಸೆ ಕೊಡದೆ ಸಿಗಬೇಕು, ಸ್ಕೀಮ್ ಇರುವುದೇ ಅದಕ್ಕೆ.

ಮನೆಗೆ ಬಂದಮೇಲೆ ಸರ್ಕಾರದ ಖರ್ಚಿನ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿ ನೆನಪಾಯಿತು. ಆಯುಷ್ಮಾನ್ ಭಾರತ್ ಲೆಕ್ಕ ತಪಾಸಣೆ ಮಾಡಿದಾಗ 7,49,820 ಜನರ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರ್ ಇತ್ತು: 9999999999. ಸತ್ತಿದ್ದಾರೆ ಅಂತ ಮೊದಲೇ ದಾಖಲಾಗಿದ್ದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಆಗ ಸರ್ಕಾರ, ಮೊಬೈಲ್ ನಂಬರ್ ನೋಡಿ ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ, ಅದು ರೋಗಿಯನ್ನು ಸಂಪರ್ಕಿಸಿ ಚಿಕಿತ್ಸೆ ಹೇಗಿತ್ತು ಅಂತ ಕೇಳುವುದಕ್ಕೆ ಮಾತ್ರ ಅಂದಿತು. ಸರಿ, ಒಪ್ಪೋಣ. ಆದರೆ ಚಿಕ್ಕಪ್ಪನ ಚಿಕಿತ್ಸೆ ಹೇಗಿತ್ತು, ದುಡ್ಡು ಕೇಳಿದರಾ ಅಂತ ವಿಚಾರಿಸಲು ಯಾರಾದರೂ ಫೋನ್ ಮಾಡಿದ್ದರೆ ಅದನ್ನು ಎತ್ತುತ್ತಿದ್ದದ್ದು ಯಾರು? ಅದೇ ಕೌಂಟರಿನ ಹುಡುಗ!

ಸ್ಕೀಮಿನ ದುಡ್ಡು ಸೋರಿಕೆ ಅಂದ ಕೂಡಲೇ ಎಲ್ಲರ ಬೆರಳೂ ಸುಳ್ಳು ಬಿಪಿಎಲ್ ಕಾರ್ಡ್ ಇಟ್ಟುಕೊಂಡವರ ಕಡೆಗೇ ತಿರುಗುತ್ತದೆ. ಅದೂ ತಪ್ಪೇ, ತಡೆಯಬೇಕು. ಆದರೆ ಚಿಕಿತ್ಸೆಯ ದುಡ್ಡು ಕೊಡಿ ಅಂತ ಸ್ಕೀಮಿಗೆ ಕ್ಲೇಮ್ ಬರೆಯುವುದು ರೋಗಿ ಅಲ್ವಲ್ಲ. ಯಾವ ಪ್ಯಾಕೇಜ್ (ಅಂದರೆ ದರ ಗೊತ್ತು ಮಾಡಿದ ಯಾವ ಚಿಕಿತ್ಸೆ), ಎಷ್ಟು ದಿನ ಐಸಿಯು, ಎಷ್ಟು ಸ್ಟೆಂಟ್ ಅಂತ ಬರೆಯುವುದು ಆಸ್ಪತ್ರೆ, ದುಡ್ಡು ಹೋಗುವುದೂ ಆಸ್ಪತ್ರೆಗೆ. ಯಾರ ಮೈಮೇಲೆ ಇದೆಲ್ಲ ನಡೆಯಿತೋ ಅವರಿಗೆ ಮಾತ್ರ ಆ ಲೆಕ್ಕ ತೋರಿಸುವವರಿಲ್ಲ. ದುಡ್ಡು ಹೋದರೆ ಹೋಯಿತು ಅನ್ನೋಣ, ಬಿಹಾರದ ಸಮಸ್ತಿಪುರದಲ್ಲಿ ಬಡವರಿಗಿದ್ದ ಹಿಂದಿನ ಆರೋಗ್ಯ ವಿಮೆ ಆರ್‌ಎಸ್‌ಬಿವೈ ಕಾರ್ಡಿನ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶ ತೆಗೆದದ್ದು 2012ರಲ್ಲಿ ಬಯಲಾಯಿತಲ್ಲ, ಅದನ್ನು ಯಾರು ವಾಪಸ್ ಕೊಡುತ್ತಾರೆ?

ಆಸ್ಪತ್ರೆಗಳ ಕಡೆಯ ಮಾತೂ ಇದೆ. ಪ್ಯಾಕೇಜ್ ದರ ಕಡಿಮೆ, ಬಿಲ್ ಪಾಸಾಗುವುದು ತಡ. ಇದು ನಿಜ. ತಿಂಗಳುಗಟ್ಟಲೆ ಬಾಕಿ ಇಟ್ಟರೆ ಪ್ರಾಮಾಣಿಕವಾಗಿ ನಡೆಸುವವರು ಸ್ಕೀಮ್ ಬಿಟ್ಟು ಹೋಗುತ್ತಾರೆ, ಅಡ್ಡದಾರಿ ಗೊತ್ತಿರುವವರು ಉಳಿಯುತ್ತಾರೆ. ಹಾಗಾಗಿ ಸರ್ಕಾರ ಹೊತ್ತಿಗೆ ಸರಿಯಾಗಿ ದುಡ್ಡು ಕೊಡಲೇಬೇಕು. ಆದರೆ ಆ ತಡದ ಸಿಟ್ಟನ್ನು ಚಿಕ್ಕಮ್ಮನ ಸಂಘದ ಸಾಲದ ಮೇಲೆ ತೀರಿಸಿಕೊಳ್ಳುವುದು ಯಾವ ನ್ಯಾಯ?

ಈ ಸ್ಕೀಮೇ ಬೇಡ ಅನ್ನುವ ಗುಂಪಿಗೆ ನಾನು ಸೇರಿಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಬಿಪಿಎಲ್‌ನವರಿಗೆ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆಯ ವಾಜಪೇಯಿ ಆರೋಗ್ಯಶ್ರೀ ಸ್ಕೀಮ್ ಶುರುವಾಗುವ ಮೊದಲು ಅಲ್ಲಿನ ಬಡವರಿಗೆ ಹಾರ್ಟ್ ಆಪರೇಷನ್ ಅಂದರೆ ಹೊಲ ಮಾರಬೇಕು, ಇಲ್ಲ ದೇವರ ಮೇಲೆ ಭಾರ ಹಾಕಿ ಕೂರಬೇಕು. ಇಷ್ಟು ದೂರ ಬಂದಿದ್ದೇವೆ. ಅದಕ್ಕೇ ಹೊಟ್ಟೆ ಉರಿಯುವುದು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಡಿಸ್ಚಾರ್ಜ್ ಆಗುವಾಗ ರೋಗಿಯ ಕೈಗೆ ಕನ್ನಡದಲ್ಲಿ ಒಂದು ಹಾಳೆ ಕೊಡಲಿ. ನಿಮಗೆ ಏನು ಚಿಕಿತ್ಸೆ ಆಯಿತು, ನಿಮ್ಮ ಹೆಸರಲ್ಲಿ ಎಷ್ಟು ಕ್ಲೇಮ್ ಮಾಡಿದ್ದೇವೆ, ನಿಮ್ಮ ಕೈಯಿಂದ ಎಷ್ಟು ತೆಗೆದುಕೊಂಡಿದ್ದೇವೆ, ಇಷ್ಟು ಸಾಕು. ಅದು ಕೌಂಟರಿನ ಗೋಡೆಗೆ ಅಂಟಿಸಿದ ನೋಟಿಸ್ ಆಗಬಾರದು, ಮನೆಗೆ ಒಯ್ಯುವ ಹಾಳೆ ಆಗಬೇಕು. ಫಾರಂನಲ್ಲಿ ರೋಗಿಯದ್ದೋ ಮನೆಯವರದ್ದೋ ನಂಬರ್ ಇಲ್ಲದಿದ್ದರೆ ಆ ಕ್ಲೇಮ್ ಮುಂದಕ್ಕೆ ಹೋಗಬಾರದು. ಇದಕ್ಕೆ ಹೊಸ ಕಾನೂನು ಯಾಕೆ ಬೇಕು?

ನಿಮ್ಮ ಮನೆಯವರು ಯಾರಾದರೂ ಸ್ಕೀಮಿನಲ್ಲಿ ಅಡ್ಮಿಟ್ ಆಗಿದ್ದರೆ ದಯವಿಟ್ಟು ಫಾರಂ ಒಮ್ಮೆ ಓದಿ. ಖಾಲಿ ಹಾಳೆಗೆ ಸೈನ್ ಹಾಕಬೇಡಿ. ದುಡ್ಡು ಕೇಳಿದರೆ ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿ.

ನಾನು ಆ ದಿನ ನಂಬರ್ ಹೊಡೆದು ಹಾಕಿ ಚಿಕ್ಕಪ್ಪನದ್ದನ್ನೇ ಬರೆದೆ, ಖಾಲಿ ಹಾಳೆ ವಾಪಸ್ ಕೊಟ್ಟೆ. ದೂರು ಕೊಡೋಣ ಅಂದರೆ ಚಿಕ್ಕಪ್ಪ ಒಪ್ಪಲಿಲ್ಲ. "ಬೇಡ ಮಗಾ, ನಾಳೆ ಮತ್ತೆ ನೋವು ಬಂದ್ರೆ ಅಲ್ಲಿಗೇ ಹೋಗ್ಬೇಕಲ್ಲ" ಅಂದರು. ಆ ಬಿಳಿ ಚೀಟಿಯ ಫೋಟೋ ನನ್ನ ಫೋನಿನಲ್ಲಿದೆ. ಅವರು ಹೂಂ ಅಂದ ದಿನ ಕಳಿಸುತ್ತೇನೆ.